ಅಮ್ಮನ ಹೊಲಿಗೆ ಮೆಷಿನ್‌ನಲ್ಲಿ ಚಾರಣದ ಬ್ಯಾಗ್ ಹೊಲಿಯಬಹುದೇ?

ಪ್ರಶ್ನೆ: ವರ್ಷಕ್ಕೆ ಮೂರ್ನಾಲ್ಕು ಸಲ ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡುತ್ತೇನೆ. ನನ್ನ ರಕ್‌ಸ್ಯಾಕ್ ಖಾಲಿ ಇದ್ದಾಗಲೇ 2.2 ಕೆ.ಜಿ. ತೂಗುತ್ತದೆ, ಟೆಂಟ್ 2.6 ಕೆ.ಜಿ. ಇದೆ. ಹಗುರವಾದವು ವಿದೇಶದಿಂದಲೇ ಬರಬೇಕು, ಬೆಲೆ ಕೈಗೆಟುಕುವುದಿಲ್ಲ. ಮನೆಯಲ್ಲಿ ಅಮ್ಮನ ಹಳೆಯ ಉಷಾ ಮೆಷಿನ್ ಇದೆ, ನೇರ ಹೊಲಿಗೆ ಹಾಕಲು ಬರುತ್ತದೆ. ಬ್ಯಾಗ್ ನಾನೇ ಹೊಲಿದುಕೊಳ್ಳಬಹುದೇ? ಯಾವ ಬಟ್ಟೆ, ಯಾವ ದಾರ? ಎಲ್ಲಿಂದ ಶುರು ಮಾಡಲಿ?

ಉತ್ತರ: ಹೊಲಿಯಬಹುದು. ಆ ಮೆಷಿನ್ ಸಾಕು, ನೇರ ಹೊಲಿಗೆಯೂ ಸಾಕು. ಆದರೆ ನೀವು ಮೊದಲು ಹೊಲಿಯಬೇಕೆಂದಿರುವ ಬ್ಯಾಗನ್ನು ಕೊನೆಗೆ ಇಟ್ಟುಕೊಳ್ಳಿ.

ಕಾರಣ ಹೀಗಿದೆ. ಅಂಗಡಿಯ ರಕ್‌ಸ್ಯಾಕ್ 2.2 ಕೆ.ಜಿ. ತೂಗುವುದು ಬಟ್ಟೆ ದಪ್ಪವೆಂದು ಮಾತ್ರವಲ್ಲ. ಒಳಗೆ ಅಲ್ಯೂಮಿನಿಯಂ ಕಡ್ಡಿ, ಪ್ಲಾಸ್ಟಿಕ್ ಹಾಳೆ, ದಪ್ಪ ಫೋಮಿನ ಸೊಂಟಪಟ್ಟಿ, ಮೇಲ್ಮುಚ್ಚಳ, ಆರೇಳು ಜಿಪ್, ಹತ್ತಾರು ಬಕಲ್ ಇರುತ್ತವೆ. ನೀವು ಹೊಲಿಯುವ 35 ಲೀಟರಿನ ಬ್ಯಾಗ್ 450 ಗ್ರಾಂಗೆ ಇಳಿಯುವುದು ಇವ್ಯಾವುವೂ ಅದರಲ್ಲಿ ಇರುವುದಿಲ್ಲವಾದ್ದರಿಂದ. ಕಡ್ಡಿ ಇಲ್ಲದ ಬ್ಯಾಗಿನಲ್ಲಿ ಅಷ್ಟೂ ಭಾರ ಹೆಗಲ ಮೇಲೆಯೇ ಕೂರುತ್ತದೆ. ನೀರು, ಊಟ ಸೇರಿ ಒಟ್ಟು ಹೊರೆ 9 ಕೆ.ಜಿ. ದಾಟಿದರೆ ಹೆಗಲು ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಳಗಿನ ಸಾಮಾನು ಮೊದಲು ಹಗುರವಾಗಬೇಕು, ಗಾತ್ರದಲ್ಲಿ ಕುಗ್ಗಬೇಕು. ಆಮೇಲೆ ಅದರ ಅಳತೆಗೆ ಬ್ಯಾಗ್ ಹೊಲಿಯಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದು ವಸ್ತುವನ್ನೂ ತೂಗಿ ಬರೆದಿಡಿ. ಟಾರ್ಚಿನ ಪೌಚು, ಎರಡನೇ ಟವೆಲ್, ಸ್ಟೀಲ್ ಫ್ಲಾಸ್ಕ್ ಎಲ್ಲ ಸೇರಿ ಎಷ್ಟಾಯಿತೆಂದು ನೋಡಿದರೆ ಹೊಲಿಗೆಗೆ ಕೂರುವ ಮೊದಲೇ ಒಂದು ಕಿಲೋ ಇಳಿಯುವುದುಂಟು.

ನಾನು ಹೇಳುವ ಕ್ರಮ: ಸಾಮಾನು ತುಂಬಲು, ಬಾಯಿಯನ್ನು ಹಗ್ಗದಿಂದ ಬಿಗಿಯುವ ಚಿಕ್ಕ ಚೀಲ, ಆಮೇಲೆ ಟೆಂಟಿನ ಬದಲು ಒಂದು ಟಾರ್ಪ್ (ಹಗ್ಗ ಕಟ್ಟಿ ಮಾಡಿನಂತೆ ನಿಲ್ಲಿಸುವ ಬಟ್ಟೆಯ ಹಾಳೆ), ಕೊನೆಗೆ ಬ್ಯಾಗ್. ದುಡ್ಡು ಉಳಿಸುವುದೇ ಉದ್ದೇಶವಾದರೆ ಟಾರ್ಪ್‌ನಲ್ಲಿ ಖಂಡಿತ ಉಳಿಯುತ್ತದೆ, ಮೊದಲ ಬ್ಯಾಗಿನಲ್ಲಿ ಬಹುಶಃ ಉಳಿಯುವುದಿಲ್ಲ.

ಬಟ್ಟೆ

ಅಂಗಡಿಯಲ್ಲಿ "ಪ್ಯಾರಾಚೂಟ್ ಬಟ್ಟೆ" ಎಂದು ಕೇಳಿದರೆ ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ತೋರಿಸುತ್ತಾರೆ. ಅದು ಅಭ್ಯಾಸಕ್ಕೆ ಒಳ್ಳೆಯದು. ಬಳಸುವ ವಸ್ತುವಿಗೆ ರಿಪ್‌ಸ್ಟಾಪ್ ಬೇಕು, ಅಂದರೆ ಕೆಲವು ಮಿ.ಮೀ.ಗೊಂದು ದಪ್ಪ ಎಳೆ ಸೇರಿಸಿ ಚೌಕುಳಿಯಾಗಿ ನೇಯ್ದದ್ದು. ಹರಿದರೂ ಹರುಕು ಆ ಎಳೆಯ ಬಳಿ ನಿಲ್ಲುತ್ತದೆ. ಎರಡು ಸಂಖ್ಯೆಗಳನ್ನು ಕೇಳಿ: ಡೆನಿಯರ್ ಮತ್ತು ಜಿಎಸ್‌ಎಂ. ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದು, ಎಳೆಯ ದಪ್ಪ ಹೇಳುತ್ತದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಲೇಪವೂ ಸೇರಿ. ಅಂಗಡಿಯವರಿಗೆ ಜಿಎಸ್‌ಎಂ ಗೊತ್ತಿಲ್ಲದಿದ್ದರೆ 20 ಸೆಂ.ಮೀ. ಚೌಕದ ತುಂಡು ಕೇಳಿ ತಂದು ತೂಗಿ, 25ರಿಂದ ಗುಣಿಸಿ.

ಚೀಲಕ್ಕೂ ಟಾರ್ಪ್‌ಗೂ 20ರಿಂದ 40 ಡೆನಿಯರ್, 40ರಿಂದ 60 ಜಿಎಸ್‌ಎಂ. ಬ್ಯಾಗಿನ ಮೈಗೆ 210 ಡೆನಿಯರ್, ತಳಕ್ಕೆ 420. ಶಾಲಾ ಬ್ಯಾಗಿಗೆ ಹಾಕುವ 600 ಡೆನಿಯರ್ ಪಾಲಿಯೆಸ್ಟರ್ ಗಟ್ಟಿ ನಿಜ, ಆದರೆ ಅದನ್ನೇ ಹಾಕುವುದಾದರೆ ಇಷ್ಟೆಲ್ಲ ಪಾಡು ಯಾಕೆ?

ಲೇಪ ಎರಡು ಬಗೆ. ಪಿಯು (ಪಾಲಿಯುರೆಥೇನ್) ಲೇಪ ಒಂದೇ ಬದಿಗೆ ಇರುತ್ತದೆ, ಅಗ್ಗ, ಹೊಲಿಯಲು ಸುಲಭ. ತೇವದಲ್ಲಿ ಮಡಿಸಿಟ್ಟರೆ ಕೆಲವು ವರ್ಷಗಳಲ್ಲಿ ಅಂಟಂಟಾಗಿ ಸುಲಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ಇನ್ನೂ ಬೇಗ. ಸಿಲಿಕೋನ್ ಲೇಪ ಸಾಮಾನ್ಯವಾಗಿ ಎರಡೂ ಬದಿಗೆ ಇರುತ್ತದೆ, ಬಟ್ಟೆಯ ಹರಿಯದ ಶಕ್ತಿ ಹೆಚ್ಚಿಸುತ್ತದೆ, ಬಾಳಿಕೆ ಜಾಸ್ತಿ. ಆದರೆ ಮೀನು ಹಿಡಿದ ಹಾಗೆ ಜಾರುತ್ತದೆ. ಯಾವುದೆಂದು ತಿಳಿಯಲು ಸೆಲ್ಲೋಟೇಪ್ ಅಂಟಿಸಿ ನೋಡಿ: ಸಿಲಿಕೋನಿಗೆ ಅದು ಹಿಡಿಯುವುದೇ ಇಲ್ಲ. ಈ ಪರೀಕ್ಷೆ ಮುಂದೆ ಹೊಲಿಗೆಗೆ ಅಂಟು ಹಚ್ಚುವಾಗಲೂ ಬೇಕಾಗುತ್ತದೆ, ಮರೆಯಬೇಡಿ. ನೀರು ತಡೆಯುತ್ತದೋ ಎಂದು ನೋಡಲು ಬಟ್ಟೆಯನ್ನು ಬಟ್ಟಲಿನ ಮೇಲೆ ಗುಳಿಯಾಗಿ ಕಟ್ಟಿ, ಎರಡು ಲೋಟ ನೀರು ಹೊಯ್ದು, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ತುಂಬಿದ ಜಾಗವನ್ನು ಕೆಳಗಿನಿಂದ ಬೆರಳಿನಲ್ಲಿ ಉಜ್ಜಿ. ಒದ್ದೆಯಾದರೆ ಆ ಬಟ್ಟೆ ಟಾರ್ಪ್‌ಗೆ ಬೇಡ, ಚೀಲಕ್ಕೆ ಆದೀತು.

ನೈಲಾನೋ ಪಾಲಿಯೆಸ್ಟರೋ ಎಂಬುದಕ್ಕೆ ನಮ್ಮ ಮಳೆಯೇ ಉತ್ತರ ಹೇಳುತ್ತದೆ. ನೈಲಾನ್ ತೇವ ಹೀರಿ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಟಾರ್ಪ್ ರಾತ್ರಿ ಜೋತು ಬಿದ್ದು ಮುಖಕ್ಕೆ ತಾಗುತ್ತದೆ, ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಹೆಚ್ಚುಕಡಿಮೆ ಹಿಗ್ಗುವುದಿಲ್ಲ. ಅಷ್ಟೇ ತೂಕದ ನೈಲಾನ್ ಸ್ವಲ್ಪ ಹೆಚ್ಚು ಗಟ್ಟಿ. ಟಾರ್ಪ್‌ಗೆ ಪಾಲಿಯೆಸ್ಟರ್, ಬ್ಯಾಗಿಗೆ ನೈಲಾನ್ ಎಂದಿಟ್ಟುಕೊಳ್ಳಿ.

ಬಟ್ಟೆ, ನವಾರು, ಬಕಲ್ ಎಲ್ಲ ಬ್ಯಾಗ್ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಬೆಂಗಳೂರಾದರೆ ಚಿಕ್ಕಪೇಟೆ ಸುತ್ತಿನ ಬೀದಿಗಳಲ್ಲಿ ಅರ್ಧ ದಿನ ನಡೆಯಿರಿ. ಬೇರೆ ಊರಾದರೆ ಶಾಲಾ ಬ್ಯಾಗ್ ರಿಪೇರಿ ಮಾಡುವವರನ್ನು, ಬೈಕ್ ಸೀಟ್ ಕವರ್ ಹೊಲಿಯುವವರನ್ನು ವಿಚಾರಿಸಿ. ಹೆಗಲಪಟ್ಟಿಯ ಒಳಬದಿಗೆ ಬೇಕಾದ ಏರ್ ಮೆಷ್ ಎಂಬ ಗಾಳಿಯಾಡುವ ಜಾಲರಿ ಬಟ್ಟೆ ಸೀಟ್ ಕವರಿನವರ ಬಳಿಯೇ ಇರುತ್ತದೆ. ಸಿಲಿಕೋನ್ ಲೇಪದ ರಿಪ್‌ಸ್ಟಾಪ್ ಮಾತ್ರ ಆನ್‌ಲೈನ್‌ನಲ್ಲಿ ಹುಡುಕಬೇಕಾದೀತು.

ದಾರ, ಸೂಜಿ, ಮೆಷಿನ್

ಹತ್ತಿ ದಾರ ಬೇಡ, ನೆನೆದು ನೆನೆದು ಕೊಳೆಯುತ್ತದೆ. ಅಮ್ಮನ ಡಬ್ಬಿಯಲ್ಲಿರುವ ಉರುಳೆ ಯಾವುದೆಂದು ಅನುಮಾನವಿದ್ದರೆ ತುದಿಗೆ ಬೆಂಕಿ ತಾಗಿಸಿ: ಹತ್ತಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗುಂಡಗಾಗುತ್ತದೆ. ದಾರದ ಮೇಲಿನ ಟಿಕೆಟ್ ನಂಬರ್ ಹೆಚ್ಚಾದಷ್ಟೂ ದಾರ ತೆಳು. ತೆಳು ಬಟ್ಟೆಗೆ 120, ಬ್ಯಾಗಿನ ಜೋಡಣೆಗೂ ನವಾರಿಗೂ 80. ಇನ್ನೂ ದಪ್ಪನೆಯದು ಹಾಕಿದರೆ ಮನೆಯ ಮೆಷಿನ್ ಗಂಟು ಹಾಕುತ್ತದೆ. ಅಷ್ಟೇ ಅಲ್ಲ, ದಪ್ಪ ದಾರಕ್ಕೆ ದಪ್ಪ ಸೂಜಿ, ದಪ್ಪ ಸೂಜಿಗೆ ದೊಡ್ಡ ತೂತು. ತೆಳುಬಟ್ಟೆ ನಡುಮಧ್ಯೆ ಹರಿಯುವುದು ಅಪರೂಪ. ಅದು ಸೋಲುವುದು ಸೂಜಿಯ ತೂತುಗಳ ಸಾಲಿನಲ್ಲಿ, ಭಾರ ಒಂದೇ ಬಿಂದುವಿಗೆ ಬೀಳುವ ಕಡೆ. ಮುಂದೆ ಹೇಳುವ ಅರ್ಧಕ್ಕರ್ಧ ಕೆಲಸ ಈ ಎರಡಕ್ಕಾಗಿಯೇ.

ಸೂಜಿ ಚೀಟಿಯಲ್ಲಿ ಎಚ್‌ಎ×1 ಎಂದಿರಲಿ. ಡಿಬಿ×1 ಎಂದು ಬರೆದದ್ದು ಗಾರ್ಮೆಂಟ್ ಮೆಷಿನ್ನಿನದು. ತೆಳುಬಟ್ಟೆಗೆ 11ನೇ ನಂಬರ್, 210 ಡೆನಿಯರಿಗೆ 14, ನವಾರು ಸೇರಿ ನಾಲ್ಕೈದು ಪದರವಾದಾಗ 16. ಪ್ರತಿ ಕೆಲಸಕ್ಕೂ ಹೊಸ ಸೂಜಿ ಹಾಕಿ. ಲೇಪದ ಬಟ್ಟೆ ಸೂಜಿಯ ಮೊನೆಯನ್ನು ಬೇಗ ತಿನ್ನುತ್ತದೆ, ಮೊನೆ ಮೊಂಡಾದ ಸೂಜಿ ಎಳೆಗಳನ್ನು ಸರಿಸುವ ಬದಲು ಕಡಿಯುತ್ತದೆ.

ಹೊಲಿಗೆಯ ಉದ್ದ 3 ಮಿ.ಮೀ., ಅಂದರೆ ಇಂಚಿಗೆ ಎಂಟೊಂಬತ್ತು. ಗಟ್ಟಿಯಾಗಲೆಂದು ಒತ್ತೊತ್ತಾಗಿ ಹಾಕುವುದು ಹೊಸಬರು ಮಾಡುವ ಮೊದಲ ತಪ್ಪು: ಅಂಚೆಚೀಟಿಯ ಅಂಚಿನಂತೆ ತೂತು ಬಿದ್ದು ಎಳೆದಾಗ ಅಲ್ಲೇ ಕಿತ್ತು ಬರುತ್ತದೆ.

ಕಾಲಿನಲ್ಲಿ ತುಳಿಯುವ ಕಬ್ಬಿಣದ ಮೆಷಿನ್ ಈ ಕೆಲಸಕ್ಕೆ ಪ್ಲಾಸ್ಟಿಕ್ ಗೇರಿನ ಹೊಸದಕ್ಕಿಂತ ಮೇಲು. ನಿಧಾನವಾಗಿ ಓಡುತ್ತದೆ, ನವಾರಿನ ನಾಲ್ಕು ಪದರವನ್ನು ಚಕ್ರ ಕೈಯಲ್ಲಿ ತಿರುಗಿಸಿ ದಾಟಿಸಬಹುದು. ಜಿಗ್‌ಜ್ಯಾಗ್ ಇಲ್ಲವೆಂಬ ಚಿಂತೆ ಬೇಡ. ಭಾರ ಬೀಳುವ ಕಡೆ ಒಂದೇ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಾಲ್ಕೈದು ಸಲ ಹೊಲಿದರೆ ಬಾರ್‌ಟ್ಯಾಕ್‌ನ (ಎಳೆತ ಬೀಳುವ ಕಡೆ ಹಾಕುವ ಒತ್ತಾದ ಗಟ್ಟಿ ಹೊಲಿಗೆ) ಕೆಲಸ ನಡೆಯುತ್ತದೆ. ಹಿಂದಕ್ಕೆ ಹೊಲಿಯುವ ಕಡ್ಡಿ ಇಲ್ಲದ ಮಾದರಿಯಾದರೆ ಸೂಜಿ ಬಟ್ಟೆಯೊಳಗೇ ಇರಲಿ, ಫೂಟ್ ಎತ್ತಿ ಬಟ್ಟೆಯನ್ನು ತಿರುಗಿಸಿ.

ಮೊದಲು ಅದೇ ಬಟ್ಟೆಯ ಚೂರುಗಳ ಮೇಲೆ ಅರ್ಧ ಗಂಟೆ ಹೊಲಿದು ನೋಡಿ. ಏನೇನು ಕೆಡುತ್ತದೆಂಬುದು ಹೆಚ್ಚುಕಡಿಮೆ ನಿಗದಿಯೇ. ಹೊಲಿಗೆ ಸುಕ್ಕುಗಟ್ಟಿದರೆ ಮೇಲ್ದಾರದ ಬಿಗಿ ಹೆಚ್ಚಾಗಿದೆ, ಸಡಿಲಿಸಿ. ಹೊಲಿಯುವಾಗ ಫೂಟಿನ ಮುಂದೆಯೂ ಹಿಂದೆಯೂ ಬಟ್ಟೆಯನ್ನು ಹಿಡಿದು ಬಿಗಿಯಾಗಿಡಿ, ಆದರೆ ಎಳೆಯಬೇಡಿ. ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಸೂಜಿ ಮೊಂಡಾಗಿದೆ, ಇಲ್ಲವೇ ಪೂರ್ತಿ ಮೇಲಕ್ಕೆ ಕೂತಿಲ್ಲ. ಅಡಿಯಲ್ಲಿ ದಾರದ ಗೂಡು ಕಟ್ಟಿದರೆ ತಪ್ಪು ಬಾಬಿನ್ನಿನದಲ್ಲ, ಮೇಲ್ದಾರ ಟೆನ್ಷನ್ ತಟ್ಟೆಗಳ ನಡುವೆ ಇಳಿದಿಲ್ಲ. ಫೂಟ್ ಎತ್ತಿಟ್ಟು ಮತ್ತೆ ಪೋಣಿಸಿ, ಶುರುವಿನ ಮೂರು ಹೊಲಿಗೆ ಬೀಳುವವರೆಗೆ ಎರಡೂ ದಾರದ ತುದಿ ಹಿಡಿದಿರಿ. ಬಟ್ಟೆಯ ಮೂಲೆಯನ್ನು ಮೆಷಿನ್ ಒಳಕ್ಕೆ ನುಂಗುತ್ತಿದ್ದರೆ ಅಡಿಗೆ ದಿನಪತ್ರಿಕೆಯ ಚೂರಿಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ಎಲ್ಲಕ್ಕಿಂತ ಕಾಡುವುದು ಜಾರುವಿಕೆ. ಕೆಳಗಿನ ಹಲ್ಲುಗಳು ಅಡಿಯ ಪದರವನ್ನು ತಳ್ಳುತ್ತವೆ, ಮೇಲಿನ ಪದರವನ್ನು ಫೂಟ್ ಹಿಡಿದು ನಿಲ್ಲಿಸುತ್ತದೆ. ಮೂರು ಮೀಟರ್ ಹೊಲಿದು ಮುಗಿಸುವಷ್ಟರಲ್ಲಿ ಒಂದು ಪದರ ಎರಡು ಮೂರು ಸೆಂ.ಮೀ. ಉಳಿದುಬಿಡುತ್ತದೆ. ಉಳಿದದ್ದನ್ನು ಕತ್ತರಿಸಿ ಹಾಕಿದರೆ ಟಾರ್ಪ್ ತಿರುಚಿಕೊಳ್ಳುತ್ತದೆ. ಮೊದಲೇ ಎರಡೂ ಪದರಕ್ಕೆ 15 ಸೆಂ.ಮೀ.ಗೊಂದು ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ ಕ್ಲಿಪ್ ಹಾಕಿಕೊಳ್ಳಿ. ಫೂಟಿನ ಒತ್ತಡದ ತಿರುಪನ್ನೂ ಸ್ವಲ್ಪ ಸಡಿಲಿಸಿ. ಗುಂಡುಸೂಜಿ ಚುಚ್ಚುವುದಾದರೆ ಮಡಿಕೆಯೊಳಗೆ ಹೋಗುವ ಭಾಗಕ್ಕೆ ಮಾತ್ರ. ಮೈಭಾಗದಲ್ಲಿ ಚುಚ್ಚಿದ ತೂತು ಮುಚ್ಚುವುದಿಲ್ಲ, ಅಲ್ಲಿಂದಲೇ ನೀರು ಬರುತ್ತದೆ.

ಮೊದಲ ಚೀಲ

ಬಟ್ಟೆ 65 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ. 2 ಮಿ.ಮೀ. ಹಗ್ಗ 90 ಸೆಂ.ಮೀ., ಹಗ್ಗವನ್ನು ಬಿಗಿದ ಜಾಗದಲ್ಲೇ ಹಿಡಿದಿಡುವ ಒಂದು ಕಾರ್ಡ್ ಸ್ಟಾಪರ್. ಕತ್ತರಿಸಿದ ಅಂಚು ನೂಲು ಬಿಡುತ್ತದೆ. ಲೈಟರ್ ಜ್ವಾಲೆಯನ್ನು ದೂರದಿಂದ ಸವರಿದರೆ ಅಂಚು ಬೆಸೆದುಕೊಳ್ಳುತ್ತದೆ. ಗಾಜಿನ ಹಲಗೆಯ ಮೇಲೆ ಸಾಲ್ಡರಿಂಗ್ ಕಡ್ಡಿಯಿಂದ ಕತ್ತರಿಸಿದರೆ ಇನ್ನೂ ಚೊಕ್ಕ. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ. ಕರಗಿದ ನೈಲಾನ್ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ.

ಬದಿಯ ಹೊಲಿಗೆಗೆ ಫ್ರೆಂಚ್ ಸೀಮ್ ಹಾಕಿ. ಬಟ್ಟೆಯನ್ನು ಅಗಲದಲ್ಲಿ ಎರಡಾಗಿ ಮಡಿಸಿ, ಒಳಬದಿಗಳು ಒಂದಕ್ಕೊಂದು ತಾಗುವ ಹಾಗೆ, ಅಂದರೆ ಹೊರಬದಿ ಹೊರಗೇ ಇರಲಿ. ಅಂಚಿನಿಂದ 6 ಮಿ.ಮೀ. ಒಳಗೆ ಹೊಲಿಯಿರಿ. ಹೊಲಿಗೆ ಆಚೆಯ ಬಟ್ಟೆಯನ್ನು 4 ಮಿ.ಮೀ.ಗೆ ಕತ್ತರಿಸಿ. ಒಳಗನ್ನು ಹೊರಗೆ ತಿರುಗಿಸಿ, ಅಂಚನ್ನು ಉಗುರಿನಿಂದ ಗೀರಿ ಮಡಿಸಿ, 9 ಮಿ.ಮೀ. ಒಳಗೆ ಮತ್ತೊಂದು ಹೊಲಿಗೆ. ಕಚ್ಚಾ ಅಂಚು ಒಳಗೆ ಸೇರಿಹೋಯಿತು, ಒಂದೊಂದು ಬದಿ ತಿಂದದ್ದು 15 ಮಿ.ಮೀ., ಚೀಲದ ಸುತ್ತಳತೆ 62 ಸೆಂ.ಮೀ. ಉಳಿಯಿತು. ಎರಡೂ ಸಲ ಮೇಲ್ತುದಿಯ 7 ಸೆಂ.ಮೀ. ಹೊಲಿಯದೆ ಬಿಡಿ, ಹಗ್ಗ ಹೊರಬರುವ ಸೀಳು ಅದೇ. ತಳವನ್ನೂ ಇದೇ ರೀತಿ ಹೊಲಿಯಿರಿ.

ತಳಕ್ಕೆ ಪೆಟ್ಟಿಗೆಯ ಆಕಾರ ಬರಲು ಚೀಲವನ್ನು ಒಳಗು ಹೊರಗಾಗಿಸಿ, ತಳದ ಮೂಲೆಯನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ. ತಳದ ಹೊಲಿಗೆ ತ್ರಿಕೋನದ ನಟ್ಟನಡುವೆ ಬರಬೇಕು. ತ್ರಿಕೋನದ ಅಗಲ 15 ಸೆಂ.ಮೀ. ಇರುವ ಕಡೆ ಅಡ್ಡಗೆರೆ ಎಳೆದು ಎರಡು ಸಲ ಹೊಲಿಯಿರಿ. ಇನ್ನೊಂದು ಮೂಲೆಗೂ ಹಾಗೆಯೇ. ಹೊರಗುಳಿದ ಕಿವಿಗಳನ್ನು ಕತ್ತರಿಸಿದರೂ ಸರಿ, ಬಿಟ್ಟರೂ ಸರಿ.

ಬಾಯಿಗೆ ಬನ್ನಿ. ಸೀಳಿನ ಎರಡೂ ಅಂಚನ್ನು ಎರಡು ಮಡಿಕೆ ಮಡಿಸಿ ಹೊಲಿಯಿರಿ. ಮೇಲ್ತುದಿಯನ್ನು ಒಳಕ್ಕೆ 1 ಸೆಂ.ಮೀ., ಮತ್ತೆ 3 ಸೆಂ.ಮೀ. ಮಡಿಸಿ ಕೆಳಅಂಚಿನ ಮೇಲೆ ಹೊಲಿದರೆ ಹಗ್ಗದ ಸುರಂಗ ಸಿದ್ಧ. ಈ ಕ್ರಮ ತಪ್ಪಿ ಸುರಂಗ ಮೊದಲು, ಸೀಳು ಆಮೇಲೆ ಮಾಡಲು ಹೋದರೆ ಎಲ್ಲ ಬಿಚ್ಚಬೇಕು. ಸೀಳಿನ ಬುಡದಲ್ಲಿ ಅಡ್ಡಲಾಗಿ ಹಿಂದೆ ಮುಂದೆ ನಾಲ್ಕು ಸಲ ಹೊಲಿಯಿರಿ. ಬಾಯಿ ಬಿಗಿದಾಗಲೆಲ್ಲ ಎಳೆತ ಬೀಳುವುದು ಅಲ್ಲಿಗೇ.

ಸಿದ್ಧವಾದ ಚೀಲದ ತಳ 15×16 ಸೆಂ.ಮೀ., ಎತ್ತರ 37 ಸೆಂ.ಮೀ., ಅಂದರೆ ಸುಮಾರು 9 ಲೀಟರ್, ತೂಕ 20 ಗ್ರಾಂ ಆಸುಪಾಸು. ಮಲಗುವ ಚೀಲಕ್ಕೊಂದು, ಬಟ್ಟೆಗೊಂದು, ದಿನಸಿಗೊಂದು, ಹೀಗೆ ಮೂರು ಹೊಲಿಯಿರಿ. ಮೂರನೆಯದರ ಹೊಲಿಗೆ ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿ ಮುಂದಿನದಕ್ಕೆ ಕೈ ಹಾಕಬಹುದೋ ನೀವೇ ತೀರ್ಮಾನಿಸಿ.

ಟಾರ್ಪ್

2.6 ಕೆ.ಜಿ. ಟೆಂಟಿನ ಜಾಗಕ್ಕೆ ಇದು ಬಂದಾಗ ಹೊರೆ ನಿಜಕ್ಕೂ ಇಳಿಯುತ್ತದೆ. 150 ಸೆಂ.ಮೀ. ಅಗಲದ ಬಟ್ಟೆ 6.2 ಮೀಟರ್ ತನ್ನಿ, ತಲಾ 3 ಮೀಟರಿನ ಎರಡು ತುಂಡು ಮಾಡಿ. ಎರಡನ್ನೂ ಉದ್ದದಲ್ಲಿ ಜೋಡಿಸಿದ ಗೆರೆಯೇ ಮಾಡಿನ ನೆತ್ತಿ. ಇಲ್ಲಿ ಜೀನ್ಸ್ ಕಾಲಿನ ಬದಿಯಲ್ಲಿ ಕಾಣುವ ಎರಡು ಗೆರೆಯ ಹೊಲಿಗೆ ಹಾಕಬೇಕು: ಹೊರಬದಿಗಳು ಒಂದಕ್ಕೊಂದು ತಾಗುವಂತೆ ತುಂಡುಗಳನ್ನಿಟ್ಟು, ಕೆಳಗಿನ ತುಂಡು 12 ಮಿ.ಮೀ. ಹೊರಗೆ ಚಾಚಿರಲಿ. ಮೇಲಿನದರ ಅಂಚಿನಿಂದ 10 ಮಿ.ಮೀ. ಒಳಗೆ ಹೊಲಿಯಿರಿ. ಚಾಚಿದ ಅಂಚನ್ನು ಚಿಕ್ಕ ಅಂಚಿನ ಮೇಲೆ ಮಡಿಸಿ, ಎರಡನ್ನೂ ಒಂದು ಬದಿಗೆ ಮಲಗಿಸಿ, ಮಡಿಕೆಯ ತುದಿಯಲ್ಲಿ ಎರಡನೇ ಹೊಲಿಗೆ ಹಾಕಿ. ಭಾರ ಈಗ ದಾರದ ಮೇಲೆ ಮಾತ್ರ ಬೀಳುವುದಿಲ್ಲ, ಒಂದಕ್ಕೊಂದು ಕೊಕ್ಕೆಯಾದ ಬಟ್ಟೆಯ ಮೇಲೂ ಹಂಚಿಹೋಗುತ್ತದೆ.

ಸುತ್ತ ಅಂಚಿಗೆ 1 ಸೆಂ.ಮೀ., ಮತ್ತೆ 1.5 ಸೆಂ.ಮೀ. ಮಡಿಕೆ. ಹಗ್ಗ ಕಟ್ಟುವ ಕುಣಿಕೆ ಹತ್ತು: ಮೂಲೆಗೆ ನಾಲ್ಕು, ನೆತ್ತಿಯ ತುದಿಗಳಿಗೆ ಎರಡು, ಉದ್ದದ ಬದಿಗೆ ಎರಡೆರಡು. ಕುಣಿಕೆಯ ಜಾಗಕ್ಕೆ ಅಂಗೈಯಗಲದ ಎರಡನೇ ಪದರ ಬಟ್ಟೆ ಕೊಟ್ಟು, ಅದರ ಮೇಲೆ 20 ಮಿ.ಮೀ. ಪಟ್ಟಿಯನ್ನು 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಮಡಿಸಿ ಹೊಲಿಯಿರಿ. ಐಲೆಟ್ ಬೇಡವೇ ಬೇಡ. ತೆಳುಬಟ್ಟೆಗೆ ತೂತು ಹೊಡೆದು ಲೋಹದ ಬಳೆ ಕೂರಿಸಿದರೆ ಮೊದಲ ಗಾಳಿಗೇ ಬಳೆ ಕಳಚಿ ಬರುತ್ತದೆ. ಎರಡನೇ ಪದರದ ಅಂಚನ್ನು ದುಂಡಗೆ ಕತ್ತರಿಸುವುದು ಒಳ್ಳೆಯದು, ಎಳೆತ ಒಂದೇ ಗೆರೆಗೆ ಬೀಳುವುದಿಲ್ಲ.

ಹೊಲಿಗೆಯ ತೂತು ಮುಚ್ಚುವ ಕೆಲಸ ಬಾಕಿ. ಸಿಲಿಕೋನ್ ಲೇಪವಾದರೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸೀಲೆಂಟ್ ಒಂದು ಪಾಲು, ಮಿನರಲ್ ಟರ್ಪೆಂಟೈನ್ ಮೂರು ಪಾಲು, ಹಳೆಯ ಗಾಜಿನ ಬಾಟಲಿಯಲ್ಲಿ ಕರಗುವವರೆಗೆ ಕಲಕಿ, ಬಯಲಿನಲ್ಲಿ ಬ್ರಷ್ಷಿನಿಂದ ನೆತ್ತಿಯ ಹೊಲಿಗೆಗೆ ಹೊರಬದಿಯಿಂದ ಸವರಿ. ಒಂದು ದಿನ ಒಣಗಲಿ. ಆಮೇಲೆ ಟಾಲ್ಕಂ ಪೌಡರ್ ಉದುರಿಸಿ ಮಡಿಸಿ, ಇಲ್ಲವಾದರೆ ಪದರಗಳು ಅಂಟಿಕೊಳ್ಳುತ್ತವೆ. ಪಿಯು ಲೇಪದ ಬದಿಗೆ ಈ ಸಿಲಿಕೋನ್ ಹಿಡಿಯುವುದಿಲ್ಲ, ಅಲ್ಲಿ ಬಿಸಿಯಿಂದ ಅಂಟುವ ಸೀಮ್ ಟೇಪ್ ಅಥವಾ ಪಿಯು ಅಂಟು ಬೇಕು. ಸೆಲ್ಲೋಟೇಪ್ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲೇ.

ಬಟ್ಟೆ 450 ಗ್ರಾಂ, ಹಗ್ಗ, ಗೂಟ ಸೇರಿ ಸುಮಾರು 700 ಗ್ರಾಂ. ನಡೆಯುವ ಕೋಲುಗಳೇ ಕಂಬ. ಆದರೆ ಟಾರ್ಪ್‌ಗೆ ನೆಲವಿಲ್ಲ, ಬಾಗಿಲಿಲ್ಲ. ಮಳೆಗಾಲದ ಕಾಡಿನಲ್ಲಿ ಜಿಗಣೆಗಳು ಆಮಂತ್ರಣವಿಲ್ಲದೆ ಬರುತ್ತವೆ. ಹಳೆಯ ಸೊಳ್ಳೆ ಪರದೆಯನ್ನು ನೆಲದ ಹಾಳೆಗೆ ಸುತ್ತಲೂ ಹೊಲಿದು ಒಳಗಿನಿಂದ ತೂಗುಬಿಟ್ಟರೆ ಆ ತೊಂದರೆ ತಪ್ಪುತ್ತದೆ, ಇನ್ನೊಂದು 300 ಗ್ರಾಂ ಸೇರುತ್ತದೆ. ಬೋಳು ಗುಡ್ಡದ ನೆತ್ತಿಯಲ್ಲಿ ಗಾಳಿ ಬೀಸುವಾಗ ಟಾರ್ಪ್ ನಿಲ್ಲಿಸುವ ಹಟ ಬೇಡ, ಇಳಿದು ಮರೆ ಹುಡುಕಿ. ಒಲೆಯನ್ನು ಅದರಡಿಗೆ ತರಲೇಬೇಡಿ. ಈ ಬಟ್ಟೆ ಉರಿಯುವುದಕ್ಕಿಂತ ಮೊದಲು ಕರಗಿ ತೊಟ್ಟಿಕ್ಕುತ್ತದೆ.

ಇಷ್ಟಕ್ಕೂ ಟಾರ್ಪ್ ಐಷಾರಾಮವೇ. ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಹಿರಿಯರು 1955ರಲ್ಲಿ, 67ರ ವಯಸ್ಸಿನಲ್ಲಿ, ಮೂರು ಸಾವಿರ ಕಿ.ಮೀ.ಗೂ ಮಿಕ್ಕಿದ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದರು. ಮಳೆಗೆ ಮರೆ ಬಚ್ಚಲಿನ ಪ್ಲಾಸ್ಟಿಕ್ ಪರದೆ, ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ.

ಕೊನೆಗೆ ಬ್ಯಾಗ್

ಈಗ ಸಾಮಾನೆಲ್ಲ ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿ ಅಳೆಯಿರಿ, ಬೇಕಾದ ಲೀಟರ್ ಎಷ್ಟೆಂದು ಗೊತ್ತಾಗುತ್ತದೆ. ಬೆನ್ನಿನ ಅಳತೆಯೂ ಬೇಕು: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲ್ತುದಿಗೆ ಕೈಯಿಟ್ಟಾಗ ಹೆಬ್ಬೆರಳುಗಳು ಸೇರುವ ಗೆರೆಯವರೆಗೆ. ಇದನ್ನು ಇನ್ನೊಬ್ಬರು ಅಳೆಯಬೇಕು.

30 ಸೆಂ.ಮೀ. ಅಗಲ, 17 ಸೆಂ.ಮೀ. ಆಳ, 85 ಸೆಂ.ಮೀ. ಎತ್ತರದ ಬ್ಯಾಗ್ ಹೊಲಿದು ಬಾಯಿಯನ್ನು ಮೂರು ಸುತ್ತು ಸುತ್ತಿದರೆ ಸುಮಾರು 35 ಲೀಟರ್ ಹಿಡಿಯುತ್ತದೆ. ಜಿಪ್ ಇಲ್ಲ, ಮುಚ್ಚಳ ಇಲ್ಲ. ಎಲ್ಲ ತುಂಡಿಗೂ ಸುತ್ತ 1.25 ಸೆಂ.ಮೀ., ಬಾಯಿಯ ಅಂಚಿಗೆ 2.5 ಸೆಂ.ಮೀ. ಹೆಚ್ಚು ಬಿಡಿ: ಮುಂಬದಿ 32.5×88.75, ಎರಡು ಪಕ್ಕ 19.5×88.75, ತಳ 32.5×19.5. ಬೆನ್ನಬದಿ ಮಾತ್ರ ಎರಡು ತುಂಡು, ಏಕೆಂದರೆ ಅವುಗಳ ನಡುವಿನ ಅಡ್ಡ ಹೊಲಿಗೆಯೊಳಗೇ ಹೆಗಲಪಟ್ಟಿ ಸಿಕ್ಕಿಕೊಳ್ಳಬೇಕು. ಆ ಹೊಲಿಗೆ ತಳದಿಂದ ನಿಮ್ಮ ಬೆನ್ನಿನ ಉದ್ದದಷ್ಟು ಎತ್ತರದಲ್ಲಿರಲಿ. ಎರಡು ತುಂಡಾದ್ದರಿಂದ ಒಟ್ಟು ಎತ್ತರಕ್ಕೆ ಇನ್ನೂ 2.5 ಸೆಂ.ಮೀ. ಸೇರಿಸಲು ಮರೆಯಬೇಡಿ.

ಪಟ್ಟಿಯ ಅಗಲ 6.5 ಸೆಂ.ಮೀ., ಉದ್ದ 42 ಸೆಂ.ಮೀ. ಹೊರಬದಿಗೆ ನೈಲಾನ್, ಮೈಬದಿಗೆ ಏರ್ ಮೆಷ್, ನಡುವೆ 5–6 ಮಿ.ಮೀ. ಇವಿಎ ಫೋಮ್, ಹಳೆಯ ಯೋಗ ಮ್ಯಾಟ್ ಕತ್ತರಿಸಿದರೂ ನಡೆದೀತು. ಕೆಳತುದಿಗೆ 20 ಮಿ.ಮೀ. ಲ್ಯಾಡರ್‌ಲಾಕ್, ಅಂದರೆ ನವಾರನ್ನು ಎಳೆದು ಉದ್ದ ಹೊಂದಿಸುವ ಬಕಲ್. ಬಾಗಿದ ಆಕಾರದ ಪಟ್ಟಿ ಮುಂದಿನ ಬ್ಯಾಗಿಗಿರಲಿ.

ಜೋಡಿಸುವಾಗ ಬೆನ್ನಬದಿಯ ಕೆಳತುಂಡನ್ನು ಹೊರಬದಿ ಮೇಲಾಗಿ ಹಾಸಿ, ಪಟ್ಟಿಗಳನ್ನು ಅದರ ಮೇಲೆ ಕೆಳಮುಖವಾಗಿ ಮಲಗಿಸಿ. ಮೆಷ್ ಬದಿ ಕೆಳಗೆ, ಬ್ಯಾಗಿನ ಬಟ್ಟೆಗೆ ತಾಗಿರಬೇಕು. ನೋಡಲು ತಿರುಗುಮುರುಗೆನಿಸುತ್ತದೆ, ಆದರೆ ಹೆಗಲು ಬರುವುದು ಪಟ್ಟಿಗೂ ಬ್ಯಾಗಿಗೂ ನಡುವೆ ಎಂದು ನೆನಪಿಸಿಕೊಳ್ಳಿ. ಪಟ್ಟಿಗಳ ನಡುವೆ ಮೇಲ್ಗಡೆ 6 ಸೆಂ.ಮೀ. ಅಂತರ, ಕೆಳತುದಿಗಳು ಸ್ವಲ್ಪ ಹೊರಕ್ಕೆ ಓರೆ. ಮೇಲ್ತುದಿಗಳು ಹೊಲಿಗೆಯಿಂದ 2 ಸೆಂ.ಮೀ. ಆಚೆ ಚಾಚಿರಲಿ. ಮೇಲ್ತುಂಡನ್ನು ಮಗುಚಿ ಇಟ್ಟು ಮೂರು ಸಲ ಹೊಲಿಯಿರಿ. ಆಮೇಲೆ ಮೇಲ್ತುಂಡನ್ನು ಮೇಲಕ್ಕೆತ್ತಿ, ಹೊಲಿಗೆಯ ಅಂಚುಗಳನ್ನೆಲ್ಲ ಒಳಗೆ ಮೇಲ್ಮುಖವಾಗಿ ಮಲಗಿಸಿ, ಅವುಗಳ ಮೇಲೆ 25 ಮಿ.ಮೀ. ನವಾರನ್ನು ಬ್ಯಾಗಿನ ಪೂರ್ತಿ ಅಗಲಕ್ಕೆ ಇಟ್ಟು ಮೇಲೊಂದು ಕೆಳಗೊಂದು ಗೆರೆ ಹೊಲಿದುಬಿಡಿ. ಮನೆಯಲ್ಲಿ ಹೊಲಿದ ಬ್ಯಾಗುಗಳು ಕಿತ್ತುಬರುವುದು ಹೆಚ್ಚಾಗಿ ಈ ಜಾಗದಲ್ಲೇ. ನವಾರು ಆ ಎಳೆತವನ್ನು ಎರಡು ಬಿಂದುಗಳಿಂದ ತೆಗೆದು 30 ಸೆಂ.ಮೀ.ಗೆ ಹರಡುತ್ತದೆ.

ಲ್ಯಾಡರ್‌ಲಾಕ್‌ಗೆ ಪೋಣಿಸುವ ಕೆಳಗಿನ 20 ಮಿ.ಮೀ. ನವಾರನ್ನು ನೇರವಾಗಿ ಪಕ್ಕದ ಹೊಲಿಗೆಗೆ ಸಿಕ್ಕಿಸಬೇಡಿ, ಹೊಲಿಗೆ ಒಂದೇ ಕಡೆ ಬಾಯಿ ಬಿಡುತ್ತದೆ. ಎರಡು ಪದರ ಬಟ್ಟೆಯ, ಸುಮಾರು 8 ಸೆಂ.ಮೀ. ಬುಡದ ತ್ರಿಕೋನ ಮಾಡಿ ಅದರ ತುದಿಗೆ ನವಾರನ್ನು ಚೌಕ ಮತ್ತು ಅದರೊಳಗೊಂದು ಗುಣಿಸು ಗುರುತಿನ ಆಕಾರದಲ್ಲಿ ಹೊಲಿದು, ತ್ರಿಕೋನದ ಬುಡವನ್ನು ತಳದ ಹತ್ತಿರ ಹೊಲಿಗೆಯೊಳಕ್ಕೆ ಸೇರಿಸಿ.

ಪಕ್ಕದ ಜೇಬುಗಳು, ಕುಣಿಕೆಗಳು, ಬಾಯಿಯ ಬಕಲ್‌ನ ನವಾರು ಎಲ್ಲವನ್ನೂ ತುಂಡುಗಳು ಚಪ್ಪಟೆ ಇರುವಾಗಲೇ ಹೊಲಿದಿರಬೇಕು. ಜೇಬಿನ ಬಟ್ಟೆ ಪಕ್ಕಕ್ಕಿಂತ 4 ಸೆಂ.ಮೀ. ಅಗಲವಿದ್ದು ಕೆಳಗೆ ನೆರಿಗೆ, ಮೇಲೆ ಎಲಾಸ್ಟಿಕ್ ಇದ್ದರೆ ಬ್ಯಾಗ್ ತುಂಬಿದಾಗಲೂ ಲೀಟರ್ ಬಾಟಲಿ ಇಳಿಯುತ್ತದೆ. ನಾಲ್ಕು ಬದಿ ಕೂಡಿಸಿದ ಮೇಲೆ ತಳ. ಪಕ್ಕದ ಹೊಲಿಗೆಗಳನ್ನು ಕೆಳತುದಿಗೆ 1.25 ಸೆಂ.ಮೀ. ಮೊದಲೇ ನಿಲ್ಲಿಸಿರಿ, ಆಗ ಮೂಲೆ ಬಿಚ್ಚಿಕೊಂಡು ತಳ ಚೌಕವಾಗಿ ಕೂರುತ್ತದೆ. ಒಳಗಿನ ಕಚ್ಚಾ ಅಂಚುಗಳಿಗೆಲ್ಲ ಪಟ್ಟಿ ಮಡಿಸಿ ಪೈಪಿಂಗ್‌ನಂತೆ ಹೊಲಿಯಿರಿ, 210 ಡೆನಿಯರ್ ಬೇಗ ನೂಲು ಬಿಡುತ್ತದೆ.

ಬ್ಯಾಗಿನ ಹೊಲಿಗೆಗಳಿಗೆ ಅಂಟು ಹಚ್ಚುವ ಗೋಜಿಗೆ ಹೋಗಬೇಡಿ. ಘಟ್ಟದ ಮಳೆಗೆ ಎಂಥ ಬ್ಯಾಗೂ ಒಳಗೆ ಒದ್ದೆಯಾಗುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಮಡಿಸಿದರೆ ಸಾಕು. ಕಡ್ಡಿಯ ಬದಲಿಗೆ ಮಲಗುವ ಫೋಮ್ ಮ್ಯಾಟನ್ನು ಮಡಿಸಿ ಬೆನ್ನಿಗೆ ತಾಗುವಂತೆ ಒಳಗಿಡಿ. ಅದಿಲ್ಲದಿದ್ದರೆ ಪಾತ್ರೆಯ ಕಂಠ ಬೆನ್ನಿಗೆ ಚುಚ್ಚುತ್ತದೆ.

ಹೊದೆಯುವ ಕ್ವಿಲ್ಟ್ ಕೂಡ ಹೊಲಿಯಬಹುದು, ಅದರ ಹೊರಬಟ್ಟೆ ಮಾತ್ರ ಲೇಪವಿಲ್ಲದ್ದಾಗಿರಲಿ, ಇಲ್ಲವೇ ಮೈಯ ಆವಿ ಒಳಗೇ ನೀರಾಗುತ್ತದೆ. ಬಂಡೆ ಹತ್ತುವ ಹಾರ್ನೆಸ್, ಜೀವ ತೂಗುವ ಕುಣಿಕೆ ಇಂಥವನ್ನು ಮನೆಯಲ್ಲಿ ಹೊಲಿಯಬೇಡಿ.

ಬ್ಯಾಗ್ ಮುಗಿದ ದಿನವೇ ಕಾಡಿಗೆ ಹೊರಡಬೇಡಿ. 10 ಕೆ.ಜಿ. ಅಕ್ಕಿ ತುಂಬಿ, ಹೆಗಲಪಟ್ಟಿಗಳಿಂದ ಗಟ್ಟಿ ಕೊಕ್ಕೆಗೆ ಒಂದು ರಾತ್ರಿ ನೇತುಹಾಕಿ, ಬೆಳಿಗ್ಗೆ ಕೆಳಗಿನಿಂದ ಹಿಡಿದು ನಾಲ್ಕೈದು ಸಲ ಜೋರಾಗಿ ಜಗ್ಗಿ. ಆಮೇಲೆ ಪಟ್ಟಿಯ ಬುಡದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಯ ತೂತುಗಳು ದುಂಡಗೇ ಇದ್ದರೆ ಹೊರಡಬಹುದು. ಉದ್ದಕ್ಕೆ ಸೀಳಿದಂತೆ ಕಂಡರೆ ಆ ಹೊಲಿಗೆ ಬಿಚ್ಚಿ, ಒಳಗೆ ಇನ್ನೊಂದು ಪದರ ಬಟ್ಟೆ ಕೊಟ್ಟು, ಹಳೆಯ ತೂತಿನ ಸಾಲಿನಿಂದ 5 ಮಿ.ಮೀ. ದೂರದಲ್ಲಿ ಮತ್ತೆ ಹೊಲಿಯಿರಿ.